ಉತ್ತಂಗಿ ಚನ್ನಪ್ಪ

ಉತ್ತಂಗಿ ಚನ್ನಪ್ಪ (1881–1962): ಕ್ರೈಸ್ತ ಪಾದ್ರಿ, ಸಂಶೋಧಕ, ಲೇಖಕ. ‘ತಿರುಳ್ಗನ್ನಡದ ತಿರುಕ’ ಎಂದು ಪ್ರಸಿದ್ಧರು. ಹುಟ್ಟಿದ್ದು ಧಾರವಾಡದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ದೈವಜ್ಞಾನ ಶಾಲೆಯಲ್ಲಿ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಸೇವೆ ಸಲ್ಲಿಸಿದರು.

ನೆರೆಯವರನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧನೆಯನ್ನು ಇವರು ಬದುಕಿನಲ್ಲಿ ಪಾಲಿಸಿದ ಬಗೆ ವಿಶಿಷ್ಟ. ನೆರೆಯವರ ಧರ್ಮವನ್ನು ಹಳಿಯದೆ, ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಹಳ್ಳಿಹಳ್ಳಿ ತಿರುಗಿ, ಓಲೆಗರಿಗಳಿಂದಲೂ ಜನರ ಬಾಯಿಂದಲೂ ಕವಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ ನೋಡಿ, ‘ಸರ್ವಜ್ಞನ ವಚನಗಳು’ ಸಂಕಲನವನ್ನು 1924ರಲ್ಲಿ ಹೊರತಂದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಹಿಂದೂ–ಕ್ರೈಸ್ತ ಸಂವಾದದ ಕೃತಿ. ಬಸವಣ್ಣನವರು ಅಸ್ಪೃಶ್ಯತೆಯ ವಿರುದ್ಧ ನಡೆಸಿದ ಕಾರ್ಯವನ್ನೂ ಕುರಿತು ಬರೆದರು. ಬಸವಣ್ಣ ಮೊದಲಾದ ಶರಣರು ಕೂಡುತ್ತಿದ್ದ ಅನುಭವಮಂಟಪ ಬರಿಯ ಕಲ್ಪನೆ ಎಂಬ ವಾದ ಎದ್ದಾಗ ಶರಣರ ವಚನಗಳ ಆಧಾರದಿಂದಲೇ ಅದರ ಐತಿಹಾಸಿಕತೆಯನ್ನು ಸಮರ್ಥಿಸಿದರು. ಲಿಂಗಾಯತ ಪರಂಪರೆಯ ಪರವಾಗಿ ಪಾದ್ರಿಯೊಬ್ಬರು ನಿಂತದ್ದು ಗಮನಾರ್ಹ.

ವಿಜಯಪುರ ಸೀಮೆ ವಚನ ಸಂಶೋಧನೆಯ ಕೇಂದ್ರವಾಗಿದ್ದ ಕಾಲವದು. ಅಲ್ಲಿ ನೆಲೆಸಿದ್ದ ವಚನ ಸಂಶೋಧಕ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನೂ 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ಪ್ರಕಟಿಸಿದರು. ಉತ್ತಂಗಿ, ಹಳಕಟ್ಟಿ ಇಬ್ಬರ ಹಾದಿ ಬೇರೆಯಾದರೂ ಕೆಲಸ ಒಂದೇ: ಶರಣರ ಮಾತನ್ನು ಉಳಿಸುವುದು.

1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾಗಿದ್ದರು. ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದ ಇವರಿಗೆ ಲಿಂಗಾಯತ ವಿದ್ವಾಂಸರ ವಲಯದಲ್ಲಿಯೂ ಗೌರವವಿತ್ತು.