ಮುದಿ ದನಗಳ ಕಡೆಯ ದಾರಿ

ಕಾರಹುಣ್ಣಿಮೆಯಂದು ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಪೂಜಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೇ ಎತ್ತು ಮುದಿಯಾದ ಮೇಲೆ, ಆಕಳು ಗೊಡ್ಡಾದ ಮೇಲೆ ಎಲ್ಲಿಗೆ ಹೋಗುತ್ತಿದ್ದವೆಂಬುದನ್ನು ಮಾತ್ರ ಹಿರಿಯರು ಮಕ್ಕಳಿಗೆ ಹೇಳುತ್ತಿರಲಿಲ್ಲ. ನಾನೂ ತರಗತಿಯಲ್ಲಿ ಹೇಳಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ, 1997ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಕಾಲುವೆಯಿಂದ ಗಂಗಾವತಿಗೆ ಭತ್ತದ ಹುಲ್ಲಾದರೂ ದೊರೆಯಿತು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯ ಮಳೆಯನ್ನೇ ನಂಬಿತ್ತು. 1972ರ ಬರದಲ್ಲಿ ಜೋಳದ ಕಣಿಕೆ ತೀರಿದಾಗ ರೈತರು ಮೊದಲು ಸಂತೆಗೆ ಹೊಡೆದದ್ದು ಮುದಿ ದನಗಳನ್ನೇ. ನಮ್ಮ ಗೊಡ್ಡಾಕಳನ್ನು ಅಪ್ಪ ಹಗ್ಗ ಹಿಡಿದು ಒಯ್ದ ದಿನ ಅವ್ವ ಒಲೆ ಹೊತ್ತಿಸಲಿಲ್ಲ.

ಆಗ ಜಾರಿಯಲ್ಲಿದ್ದುದು 1964ರ ಕಾಯಿದೆ. ಅದರಂತೆ ಆಕಳ ವಧೆ ಪೂರ್ಣ ನಿಷಿದ್ಧ. ಹೋರಿ, ಎತ್ತು, ಎಮ್ಮೆ, ಕೋಣಗಳು 12 ವರ್ಷ ಮೀರಿದ್ದರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾಗಿದ್ದರೆ ಪ್ರಮಾಣಪತ್ರದೊಂದಿಗೆ ವಧಿಸಬಹುದಿತ್ತು. ಆದರೆ ದನದ ಎಂಟು ಬಾಚಿಹಲ್ಲುಗಳು ಸುಮಾರು ಐದನೆಯ ವರ್ಷಕ್ಕೇ ಕೂಡಿಬಿಡುತ್ತವೆ; ಅನಂತರ ಹಲ್ಲಿನ ಸವೆತದಿಂದ ವಯಸ್ಸನ್ನು ಅಂದಾಜು ಮಾಡಬೇಕಷ್ಟೆ. ಹೀಗೆ ಒಂದು ಪ್ರಾಣಿಯ ಅಳಿವು ಉಳಿವು ಅಂದಾಜನ್ನೇ ಅವಲಂಬಿಸಿತ್ತು.

ಕರುಣೆಯ ನಿಯಮಗಳು ಇರಲಿಲ್ಲವೆಂದಲ್ಲ. ಪ್ರಾಣಿಹಿಂಸೆ ತಡೆ ಕಾಯಿದೆ 1960ರಲ್ಲಿಯೇ ಬಂದಿತ್ತು. 1978ರ ಸಾಗಾಣಿಕೆ ನಿಯಮಗಳು ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ತುಂಬಬಾರದೆಂದವು; ದಾರಿಯಲ್ಲಿ ಮೇವು ನೀರು ಕೊಡಬೇಕೆಂದವು. 2001ರ ಕಸಾಯಿಖಾನೆ ನಿಯಮಗಳು ವಧೆಗೆ ಮುನ್ನ ಪಶುವೈದ್ಯರ ತಪಾಸಣೆಯನ್ನೂ 24 ಗಂಟೆಗಳ ವಿಶ್ರಾಂತಿಯನ್ನೂ ವಿಧಿಸಿದವು. ಆದರೆ ಈ ತಪಾಸಣೆ, ಈ ವಿಶ್ರಾಂತಿ ಪರವಾನಗಿಯುಳ್ಳ ಕಸಾಯಿಖಾನೆಗೆ ಬಂದ ದನಕ್ಕೆ ಮಾತ್ರ. ಕಾನೂನಿನ ಕಣ್ಣು ತಪ್ಪಿಸಿ ಸಾಗಿದ ಗೊಡ್ಡಾಕಳಿಗೆ ವೈದ್ಯರೂ ಇಲ್ಲ, ನೆರಳೂ ಇಲ್ಲ. ನಿಷೇಧವೇ ಆಕೆಯನ್ನು ಕರುಣೆಯ ನಿಯಮಗಳಿಂದ ಹೊರಗಿಟ್ಟಿತೆಂಬುದು ಇತಿಹಾಸದ ವಿಪರ್ಯಾಸ.

2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾನೂನು 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. 2022ರಲ್ಲಿ ಸರಕಾರ ಪುಣ್ಯಕೋಟಿ ದತ್ತು ಯೋಜನೆಯನ್ನು ಆರಂಭಿಸಿ, ಗೋಶಾಲೆಯ ಒಂದು ದನದ ಪಾಲನೆಗೆ ವರ್ಷಕ್ಕೆ 11,000 ರೂಪಾಯಿ ನಿಗದಿಮಾಡಿತು. ಆ ಮೊತ್ತವನ್ನು ನೋಡಿದಾಗ ಅಪ್ಪನ ನೆನಪಾಯಿತು. ಬರಗಾಲದ ಒಣಬೇಸಾಯದ ರೈತನು ಅಷ್ಟನ್ನು ಎಲ್ಲಿಂದ ತಂದಾನು?

ಕೊಲ್ಲಬೇಕೇ ಬೇಡವೇ ಎಂಬ ವಾದ ನಡೆಯುತ್ತಲೇ ಇರಲಿ. ದುಡಿದು ಸವೆದ ಜೀವದ ಕಡೆಯ ದಿನಗಳಿಗೆ ಮೇವು, ನೀರು, ಔಷಧ ಯಾರು ಕೊಡಬೇಕೆಂಬ ಪ್ರಶ್ನೆಯನ್ನೂ ನಿಮ್ಮ ಮಕ್ಕಳ ಮುಂದೆ ಇಡಿರಿ. ನಾನು ಮಾಡದ ಪಾಠವನ್ನು ನೀವಾದರೂ ಮಾಡಿರಿ.