ವರ್ಡ್‌ಸ್ಟಾರ್ ತಂತ್ರಾಂಶದ ಚರಿತ್ರೆ: ಸಂಸ್ಕಾರವೂ ಜೀರ್ಣೋದ್ಧಾರವೂ

ಓಲೆಗರಿಯ ಕಾಲದಲ್ಲಿ ಗ್ರಂಥವೊಂದನ್ನು ಪ್ರತಿಮಾಡಿ ಮುಗಿಸಿದ ಲಿಪಿಕಾರನು ಕಡೆಯ ಗರಿಯಲ್ಲಿ ಒಂದು ಬಿನ್ನಹವನ್ನು ಬರೆದಿಡುವ ವಾಡಿಕೆಯಿತ್ತು. ಗ್ರಂಥವನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಬೇಕು, ಮೂರ್ಖನ ಕೈಗೆ ಕೊಡಬಾರದು ಎಂಬುದೇ ಅದರ ತಾತ್ಪರ್ಯವು. ಆ ಬಿನ್ನಹದಲ್ಲಿ ಬರೆದ ಕಂಟದ ಪ್ರಸ್ತಾಪವಿಲ್ಲ. ಕಂಟವು ಮೊಂಡಾದರೆ ಕಮ್ಮಾರನು ಇನ್ನೊಂದನ್ನು ಮಾಡಿಕೊಡುತ್ತಿದ್ದನು; ಕಂಟವು ಹೋದ ಮಾತ್ರಕ್ಕೆ ಗ್ರಂಥವು ಓದಲು ಬಾರದಂತೆ ಆಗುತ್ತಿರಲಿಲ್ಲ. ಗಣಕಯಂತ್ರವು ಬರವಣಿಗೆಯ ಸಾಧನವಾದ ಮೇಲೆ ಈ ಸ್ಥಿತಿಯು ಮಾರ್ಪಟ್ಟಿತು. ಇಲ್ಲಿ ಲೇಖನಿಯ ಸ್ಥಾನದಲ್ಲಿರುವುದು ತಂತ್ರಾಂಶವೆಂಬ ಆಜ್ಞಾಸಮೂಹ. ಅದು ಬರೆಯುವವನ ಕೈಯಲ್ಲಿದ್ದರೂ ಅದರ ಒಡೆತನವು ಅನ್ಯರದು. ಒಡೆಯನು ಅದನ್ನು ಕೈಬಿಟ್ಟರೆ ಲೇಖನಿಯೂ ಹೋಗುವುದು, ಅದರಿಂದ ಬರೆದುದಕ್ಕೂ ಅಪಾಯವೊದಗುವುದು. ಹೀಗೆ ಒಡೆಯನಿಂದ ಕೈಬಿಡಲ್ಪಟ್ಟೂ, ಬಳಸಿದವರ ಮಮತೆಯಿಂದ ಇಂದಿಗೂ ಬದುಕಿರುವ ಒಂದು ತಂತ್ರಾಂಶವುಂಟು. ವರ್ಡ್‌ಸ್ಟಾರ್ ಎಂಬುದು ಅದರ ಹೆಸರು. ಅದರ ಚರಿತ್ರೆಯು ಬರಹಗಾರರೆಲ್ಲರೂ ತಿಳಿಯತಕ್ಕದ್ದಾಗಿದೆ.

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಇಮ್ಸಾಯ್ ಎಂಬ ಗಣಕಯಂತ್ರದ ಕಂಪೆನಿಯಲ್ಲಿ ಮಾರಾಟದ ಹೊಣೆ ಹೊತ್ತಿದ್ದ ಸೀಮೋರ್ ರುಬಿನ್‌ಸ್ಟೈನ್ ಎಂಬವರು ೧೯೭೮ರಲ್ಲಿ ಆ ಕೆಲಸವನ್ನು ಬಿಟ್ಟು ಮೈಕ್ರೋಪ್ರೋ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಅದೇ ಇಮ್ಸಾಯ್ ಕಂಪೆನಿಯಲ್ಲಿದ್ದ ರಾಬ್ ಬಾರ್ನಬಿ ಎಂಬ ತಂತ್ರಜ್ಞರು ಅವರೊಡನೆ ಸೇರಿದರು. ಗಿರಾಕಿಗಳಿಗೆ ಬೇಕಾದುದೇನೆಂದು ರುಬಿನ್‌ಸ್ಟೈನರು ಗೊತ್ತುಮಾಡಿದರು. ಬಾರ್ನಬಿಯವರು ಅದನ್ನು ಯಂತ್ರದ ಭಾಷೆಗೆ ಅತಿಸಮೀಪವಾದ ಅಸೆಂಬ್ಲಿ ಭಾಷೆಯಲ್ಲಿ ರಚಿಸಿದರು. ಈ ಇಬ್ಬರ ಕೂಟದಿಂದ ಹುಟ್ಟಿದುದೇ ವರ್ಡ್‌ಸ್ಟಾರ್.

ಆ ಕಾಲದ ಮನೆಯ ಗಣಕಯಂತ್ರದ ಸ್ಮೃತಿಶಕ್ತಿಯು ಹೆಚ್ಚೆಂದರೆ ೬೪ ಕಿಲೋಬೈಟು. ಇದೆಷ್ಟು ಅಲ್ಪವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಈಗ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಲಿಪಿಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ, ೬೪ ಕಿಲೋಬೈಟಿನಲ್ಲಿ ಸುಮಾರು ೨೨,೦೦೦ ಚಿಹ್ನೆಗಳು ಮಾತ್ರ ಹಿಡಿಸುವುವು. ಯಂತ್ರದ ಕಾರ್ಯವಿಧಿಯೂ ವರ್ಡ್‌ಸ್ಟಾರೂ ಬರೆಯುತ್ತಿರುವ ಲೇಖನದ ಭಾಗವೂ ಇಷ್ಟರಲ್ಲಿಯೇ ಇರಬೇಕಾಗಿತ್ತು. ಆದಕಾರಣ ತಂತ್ರಾಂಶದ ಕೆಲವು ಭಾಗಗಳನ್ನು ಫ್ಲಾಪಿ ತಟ್ಟೆಯಲ್ಲಿಯೇ ಇರಿಸಿ ಬೇಕಾದಾಗ ಕರೆದುಕೊಳ್ಳುವ ಉಪಾಯವನ್ನು ಮಾಡಿದ್ದರು. ಇಷ್ಟು ಇಕ್ಕಟ್ಟಿನಲ್ಲಿಯೂ ಸಾಲುಗಳು ಎಲ್ಲಿ ಮುರಿಯುವುವು, ಪುಟವು ಎಲ್ಲಿ ಮುಗಿಯುವುದು ಎಂಬುದನ್ನು ಅದು ತೆರೆಯ ಮೇಲೆಯೇ ತೋರಿಸಿಕೊಡುತ್ತಿದ್ದುದು ಆಗಿನ ಜನರಿಗೆ ವಿಸ್ಮಯಕರವಾಗಿತ್ತು.

ವರ್ಡ್‌ಸ್ಟಾರಿನ ನಿಜವಾದ ಹಿರಿಮೆಯಿರುವುದು ಅದರ ಆಜ್ಞೆಗಳ ಜೋಡಣೆಯಲ್ಲಿ. ಅಂದಿನ ಅನೇಕ ಕೀಲಿಮಣೆಗಳಲ್ಲಿ ದಿಕ್ಕನ್ನು ಸೂಚಿಸುವ ಬಾಣದ ಕೀಲಿಗಳಿರಲಿಲ್ಲ. ಆಜ್ಞೆಯನ್ನು ಕೊಡಲು ಕಂಟ್ರೋಲ್ ಎಂಬ ಕೀಲಿಯೊಡನೆ ಯಾವುದಾದರೊಂದು ಅಕ್ಷರವನ್ನು ಒತ್ತಬೇಕಾಗಿತ್ತು. ಬಾರ್ನಬಿಯವರು ಎಡಗೈಯ ಬೆರಳಿಗೆ ಸಹಜವಾಗಿ ಸಿಕ್ಕುವ ನಾಲ್ಕು ಅಕ್ಷರಗಳನ್ನು ಆರಿಸಿಕೊಂಡರು: ಮೇಲಕ್ಕೆ ‘ಇ’, ಕೆಳಕ್ಕೆ ‘ಎಕ್ಸ್’, ಎಡಕ್ಕೆ ‘ಎಸ್’, ಬಲಕ್ಕೆ ‘ಡಿ’. ಕೀಲಿಮಣೆಯಲ್ಲಿ ಇವು ವಜ್ರಾಕೃತಿಯಲ್ಲಿ ಒಂದಕ್ಕೊಂದು ಎದುರಾಗಿ ನಿಂತಿರುವುವು. ‘ಎಸ್’ ಒಂದು ಅಕ್ಷರದಷ್ಟು ಎಡಕ್ಕೆ ಒಯ್ದರೆ, ಅದರ ಹೊರಗಿರುವ ‘ಎ’ ಒಂದು ಪದದಷ್ಟು ಒಯ್ಯುವುದು. ಬಲಗಡೆಯಲ್ಲಿ ‘ಡಿ’ಗೂ ‘ಎಫ್’ಗೂ ಇದೇ ಸಂಬಂಧ. ಇವಕ್ಕೆ ಮುಂಚೆ ಕಂಟ್ರೋಲಿನೊಡನೆ ‘ಕ್ಯೂ’ ಎಂಬುದನ್ನು ಸೇರಿಸಿದರೆ ಅದೇ ಚಲನೆಯು ಬಲಿಯುವುದು. ‘ಎಸ್’ ಆಗ ಸಾಲಿನ ಆದಿಗೂ, ‘ಡಿ’ ಸಾಲಿನ ಅಂತ್ಯಕ್ಕೂ ಒಯ್ಯುವುದು. ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಧಾತುವಿಗೆ ಉಪಸರ್ಗವು ಸೇರಿ ಅರ್ಥವನ್ನು ಬಲಪಡಿಸುವಂತೆಯೇ ಇಲ್ಲಿಯೂ ನಡೆದಿದೆ. ಬಿಡಿಬಿಡಿಯಾಗಿ ನೂರು ಆಜ್ಞೆಗಳನ್ನು ಬಾಯಿಪಾಠ ಮಾಡುವ ಬದಲು ಕೆಲವೇ ಧಾತುಗಳನ್ನೂ ಉಪಸರ್ಗಗಳನ್ನೂ ಕಲಿತರೆ ಸಾಕಾಗುತ್ತಿತ್ತು. ಕಲಿತ ಮೇಲೆ ಕೈಯು ಅಕ್ಷರಗಳ ನೆಲೆಯನ್ನು ಬಿಟ್ಟು ಅಲೆಯಬೇಕಾಗಿರಲಿಲ್ಲ.

ಇನ್ನು ಸಂಸ್ಕಾರದ ವಿಚಾರ. ಅಂದಿನ ಗಣಕಯಂತ್ರಗಳಲ್ಲಿ ಎರಡು ಒಂದೇ ಬಗೆಯಾಗಿರುತ್ತಿರಲಿಲ್ಲ. ಒಬ್ಬೊಬ್ಬ ತಯಾರಕನ ತೆರೆಗೂ ಮುದ್ರಣಯಂತ್ರಕ್ಕೂ ಬೇರೆಬೇರೆ ಸಂಕೇತಗಳಿದ್ದವು. ಎಲ್ಲರಿಗೂ ಒಂದೇ ಅಳತೆಯ ತಂತ್ರಾಂಶವನ್ನು ಮಾರುವುದು ಅಸಾಧ್ಯವಾದುದರಿಂದ, ಕೊಂಡವನೇ ಅದನ್ನು ತನ್ನ ಯಂತ್ರಕ್ಕೆ ಒಗ್ಗಿಸಿಕೊಳ್ಳುವ ಸೌಕರ್ಯವನ್ನು ಮೈಕ್ರೋಪ್ರೋ ಕಲ್ಪಿಸಿತು. ಅದಕ್ಕಾಗಿ ಸ್ಥಾಪನೆಯ ಒಂದು ಪ್ರತ್ಯೇಕ ವಿಧಿಯಿತ್ತು. ತನ್ನ ತೆರೆಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಅದರ ಸಂಕೇತಗಳನ್ನು ಒಂದೊಂದಾಗಿ ತಾನೇ ತುಂಬಬಹುದಾಗಿತ್ತು. ತಂತ್ರಾಂಶದೊಳಗೆ ಯಾವ ಯಾವ ಸ್ಥಾನವನ್ನು ತಿದ್ದಿದರೆ ಏನಾಗುವುದೆಂಬುದನ್ನು ಕೈಪಿಡಿಯು ತಿಳಿಸುತ್ತಿತ್ತು. ಬಳಸುವವನು ಸ್ವಂತ ಆಜ್ಞೆಗಳನ್ನು ಸೇರಿಸುವುದಕ್ಕೆಂದು ಬರಿದಾದ ಎಡೆಯನ್ನೂ ಬಿಟ್ಟಿದ್ದರು. ತೆರೆಯ ಮೇಲ್ಭಾಗದಲ್ಲಿ ತೋರುವ ಸಹಾಯದ ಪಟ್ಟಿಯನ್ನು ಸೊನ್ನೆಯಿಂದ ಮೂರರ ವರೆಗೆ ನಾಲ್ಕು ಮಟ್ಟಗಳಲ್ಲಿ ಇಳಿಸಿ ಏರಿಸಬಹುದಾಗಿತ್ತು. ಹೊಸಬನು ಪೂರ್ಣಪಟ್ಟಿಯನ್ನು ಇಟ್ಟುಕೊಳ್ಳುವನು. ಬಲ್ಲವನು ಅದನ್ನು ಮರೆಮಾಡಿ ತೆರೆಯನ್ನೆಲ್ಲ ಬರೆಹಕ್ಕೇ ಮೀಸಲಿಡುವನು. ಮುಂದೆ ೧೯೮೦ರ ದಶಕದ ನಡುವೆ ಐ. ಬಿ. ಎಂ. ಕಂಪೆನಿಯ ಹೊಸ ಕೀಲಿಮಣೆಯಲ್ಲಿ ಕಂಟ್ರೋಲ್ ಕೀಲಿಯು ‘ಎ’ಯ ಪಕ್ಕದಿಂದ ಕೆಳಗಿನ ಮೂಲೆಗೆ ಸರಿದು, ಆ ಜಾಗಕ್ಕೆ ಕ್ಯಾಪ್ಸ್ ಲಾಕ್ ಬಂದಿತು. ಆಗ ವರ್ಡ್‌ಸ್ಟಾರಿನ ಬಳಕೆದಾರರು ಸಣ್ಣದೊಂದು ತಂತ್ರಾಂಶದ ನೆರವಿನಿಂದ ಆ ಎರಡು ಕೀಲಿಗಳನ್ನು ಅದಲುಬದಲು ಮಾಡಿಕೊಂಡು ಹಳೆಯ ಅಭ್ಯಾಸವನ್ನೇ ನಡೆಸಿದರು. ಹೀಗೆ ಪ್ರತಿಯೊಬ್ಬನ ವರ್ಡ್‌ಸ್ಟಾರೂ ಅವನ ಕೈಯ ಗುರುತನ್ನು ಪಡೆಯಿತು. ಸ್ವಹಸ್ತದಿಂದ ತಿದ್ದಿಕೊಂಡ ವಸ್ತುವನ್ನು ಮನುಷ್ಯನು ಸುಲಭವಾಗಿ ತೊರೆಯಲಾರನು. ಮುಂದೆ ಈ ತಂತ್ರಾಂಶಕ್ಕೆ ಒದಗಿದ ರಕ್ಷಣೆಗೆ ಇದೇ ಮೂಲವೆಂದು ಹೇಳಬಹುದು.

೧೯೮೧ರಲ್ಲಿ ೧,೭೯೫ ಡಾಲರುಗಳಿಗೆ ಮಾರಾಟಕ್ಕೆ ಬಂದ ಆಸ್ಬೋರ್ನ್ ಎಂಬ ಹೊತ್ತೊಯ್ಯುವ ಗಣಕಯಂತ್ರದೊಡನೆ ವರ್ಡ್‌ಸ್ಟಾರನ್ನು ಸೇರಿಸಿಯೇ ಕೊಡುತ್ತಿದ್ದರು. ಇದರಿಂದ ಅದು ಅನೇಕ ಬರಹಗಾರರ ಮನೆಯನ್ನು ಹೊಕ್ಕಿತು. ಸಿಂಹಳದ ಕೊಳಂಬಿನಲ್ಲಿ ನೆಲಸಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರು ೧೯೮೨ರಲ್ಲಿ ಪ್ರಕಟವಾದ ‘೨೦೧೦: ಒಡಿಸಿ ಟು’ ಎಂಬ ಕಾದಂಬರಿಯನ್ನು ವರ್ಡ್‌ಸ್ಟಾರಿನಲ್ಲಿ ಬರೆದು, ಅಂಗೈಯಗಲದ ಒಂದೇ ಫ್ಲಾಪಿಯಲ್ಲಿ ನ್ಯೂಯಾರ್ಕಿಗೆ ಕಳುಹಿಸಿದರು, ಕಡೆಯ ತಿದ್ದುಪಡಿಗಳು ಪಾದುಕ್ಕದ ಭೂಕೇಂದ್ರದಿಂದ ಉಪಗ್ರಹದ ಮೂಲಕ ಹೋದವು. ಅದೇ ೧೯೮೨ರಲ್ಲಿ ಐ. ಬಿ. ಎಂ. ಮಾದರಿಯ ಯಂತ್ರಗಳಲ್ಲಿನ ಡಾಸ್ ಎಂಬ ಕಾರ್ಯವಿಧಿಗೂ ವರ್ಡ್‌ಸ್ಟಾರ್ ಸಿದ್ಧವಾಯಿತು.

ಇಂತಹ ಉನ್ನತಿಯಿಂದ ಅದು ಇಳಿದುದು ಹೇಗೆ? ಮೊದಲ ಪೆಟ್ಟು ಬಿದ್ದುದು ಮನೆಯವರಿಂದಲೇ. ೧೯೮೪-೮೫ರ ಸುಮಾರಿಗೆ ಮೈಕ್ರೋಪ್ರೋ ‘ವರ್ಡ್‌ಸ್ಟಾರ್ ೨೦೦೦’ ಎಂಬ ಹೊಸ ತಂತ್ರಾಂಶವನ್ನು ಹೊರಡಿಸಿತು. ಹೆಸರು ಹಳೆಯದಾದರೂ ಆಜ್ಞೆಗಳು ಬೇರೆ, ಕಡತಗಳ ರೂಪವೂ ಬೇರೆ. ಪ್ರತಿ ತೆಗೆಯಲಾಗದಂತೆ ಬೀಗಮುದ್ರೆಯೂ ಮೊದಲು ಇದ್ದಿತು. ಹಳೆಯ ಬಳಕೆದಾರರಲ್ಲಿ ಅನೇಕರು ಅತ್ತ ತಿರುಗಲಿಲ್ಲ. ಈ ಮಧ್ಯೆ ಮೈಕ್ರೋಪ್ರೋವನ್ನು ಬಿಟ್ಟುಹೋದ ಕೆಲವು ನೌಕರರು ನ್ಯೂಸ್ಟಾರ್ ಎಂಬ ಸಂಸ್ಥೆಯನ್ನು ಕಟ್ಟಿ, ಹಳೆಯ ವರ್ಡ್‌ಸ್ಟಾರಿನ ಆಜ್ಞೆಗಳನ್ನೇ ಅನುಸರಿಸುವ ‘ನ್ಯೂವರ್ಡ್’ ಎಂಬುದನ್ನು ರಚಿಸಿದ್ದರು. ಮೈಕ್ರೋಪ್ರೋ ಕಡೆಗೆ ಆ ಸಂಸ್ಥೆಯನ್ನೇ ಕೊಂಡು, ನ್ಯೂವರ್ಡನ್ನು ಆಧಾರವಾಗಿ ಮಾಡಿಕೊಂಡು, ೧೯೮೭ರಲ್ಲಿ ವರ್ಡ್‌ಸ್ಟಾರಿನ ನಾಲ್ಕನೆಯ ಆವೃತ್ತಿಯನ್ನು ಪ್ರಕಟಿಸಿತು. ಮನೆಯಲ್ಲಿದ್ದವರು ಮರೆತ ಸಂಪ್ರದಾಯವನ್ನು ಮನೆ ಬಿಟ್ಟವರು ಉಳಿಸಿಕೊಂಡಿದ್ದುದು ವಿಚಿತ್ರವಾದರೂ ಸತ್ಯ. ಆದರೆ ಅಷ್ಟರಲ್ಲಿ ಕಾಲವು ಮಿಂಚಿತ್ತು. ವರ್ಡ್‌ಪರ್ಫೆಕ್ಟ್ ಮುಂದಾಗಿತ್ತು, ಅನಂತರ ವಿಂಡೋಸಿನೊಡನೆ ಮೈಕ್ರೋಸಾಫ್ಟಿನ ವರ್ಡ್ ಮೇಲುಗೈ ಪಡೆಯಿತು. ಡಾಸಿಗಾಗಿ ಬಂದ ಏಳನೆಯ ಆವೃತ್ತಿಯ ಕಡೆಯ ಪರಿಷ್ಕರಣವು ೧೯೯೨ರದು. ೧೯೯೪ರಲ್ಲಿ ಕಂಪೆನಿಯು ಸಾಫ್ಟ್‌ಕೀ ಎಂಬುದರಲ್ಲಿ ವಿಲೀನವಾಯಿತು. ಡಾಸಿನ ವರ್ಡ್‌ಸ್ಟಾರಿಗೆ ಆ ಬಳಿಕ ಹೊಸ ಆವೃತ್ತಿ ಬರಲಿಲ್ಲ.

ಅನಾಥವಾದ ತಂತ್ರಾಂಶಕ್ಕೆ ಶತ್ರುಗಳು ಹಲವರು. ಫ್ಲಾಪಿಯ ಕಾಂತಲೇಪವು ವರ್ಷಕಳೆದಂತೆ ಕ್ಷೀಣಿಸುವುದು. ಫ್ಲಾಪಿಯನ್ನು ಓದುವ ಯಂತ್ರವು ಅಂಗಡಿಯಿಂದ ಮರೆಯಾಗುವುದು. ಹೊಸ ಕಾರ್ಯವಿಧಿಯು ಹಳೆಯ ಆಜ್ಞೆಗಳನ್ನು ಅರಿಯದು. ವಿಂಡೋಸಿನ ೬೪ ಬಿಟ್ಟಿನ ಆವೃತ್ತಿಗಳಲ್ಲಿ ಡಾಸಿನ ತಂತ್ರಾಂಶಗಳು ನೇರವಾಗಿ ನಡೆಯುವುದೇ ಇಲ್ಲ. ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಬರೆಹದೊಳಗೇ ಇದ್ದಿತು. ಆಂಗ್ಲ ಲಿಪಿಯ ಚಿಹ್ನೆಗಳಿಗೆ ಏಳು ಬಿಟ್ಟುಗಳು ಸಾಕು. ಬೈಟಿನಲ್ಲಿ ಇರುವುವು ಎಂಟು. ಮಿಕ್ಕ ಒಂದನ್ನು ವರ್ಡ್‌ಸ್ಟಾರಿನ ಮೊದಲ ಆವೃತ್ತಿಗಳು ಪ್ರತಿಪದದ ಕೊನೆಯ ಅಕ್ಷರದಲ್ಲಿ ತಮ್ಮ ಪುಟವಿನ್ಯಾಸದ ಗುರುತಾಗಿ ಬಳಸಿಕೊಂಡವು. ಬೇರೆ ತಂತ್ರಾಂಶದಲ್ಲಿ ಅಂತಹ ಕಡತವನ್ನು ತೆರೆದರೆ ಪದಪದದ ಕೊನೆಯಲ್ಲಿಯೂ ಅಪರಿಚಿತ ಚಿಹ್ನೆಯೊಂದು ಕಾಣಿಸುವುದು. ಎಂಟನೆಯ ಬಿಟ್ಟನ್ನು ಅಳಿಸಿದರೆ ಬರೆಹವು ಶುದ್ಧವಾಗುವುದು. ಪರಿಹಾರವು ಸುಲಭವೇ, ಆದರೆ ರೋಗವೇನೆಂದು ಬಲ್ಲವರು ಉಳಿದಿರಬೇಕು. ಹಳೆಯ ಲಿಪಿಯನ್ನು ಓದಬಲ್ಲವರಿಲ್ಲದೆ ಶಾಸನವು ಮೂಕವಾಗುವಂತೆಯೇ ಇದೂ ಆಗುವುದು.

ಈ ತೊಡಕುಗಳ ನಡುವೆಯೂ ಕೆಲವರು ವರ್ಡ್‌ಸ್ಟಾರನ್ನು ಬಿಡಲಿಲ್ಲ. ಪ್ರಸಿದ್ಧ ಕಾದಂಬರಿಕಾರರಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರು ತಾವು ಅಂತರಜಾಲಕ್ಕೆ ಸೇರಿಸದ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರಿನ ನಾಲ್ಕನೆಯ ಆವೃತ್ತಿಯಿಂದಲೇ ಬರೆಯುವುದಾಗಿ ೨೦೧೪ರಲ್ಲಿ ದೂರದರ್ಶನದ ಸಂದರ್ಶನದಲ್ಲಿ ತಿಳಿಸಿದರು. ಕೇಳದೆಯೇ ಅಕ್ಷರವನ್ನು ತಿದ್ದುವ ಹೊಸ ತಂತ್ರಾಂಶಗಳ ಉಪಕಾರವು ಅವರಿಗೆ ಬೇಕಾಗಿರಲಿಲ್ಲ. ಹಳೆಯ ಯಂತ್ರವನ್ನೇ ಕಾಪಾಡಿಕೊಳ್ಳುವುದು ಒಂದು ಮಾರ್ಗ. ಇನ್ನೊಂದು ಮಾರ್ಗವೆಂದರೆ ಹೊಸ ಯಂತ್ರದೊಳಗೆ ಹಳೆಯ ಯಂತ್ರದ ನಡೆನುಡಿಯನ್ನು ಅನುಕರಿಸುವ ತಂತ್ರಾಂಶವನ್ನಿಟ್ಟು, ಅದರೊಳಗೆ ವರ್ಡ್‌ಸ್ಟಾರನ್ನು ನಡೆಸುವುದು. ೨೦೦೨ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಎಂಬುದು ಈ ಬಗೆಯದು. ಹಳೆಯ ಆಟಗಳಿಗಾಗಿಯೇ ಮುಖ್ಯವಾಗಿ ರಚಿತವಾದ ಅದರಲ್ಲಿ ಮುದ್ರಣದ ಅನುಕೂಲವಿರಲಿಲ್ಲ. ಅದರಿಂದ ಕವಲೊಡೆದ ತಂತ್ರಾಂಶಗಳು ಆ ಕೊರತೆಯನ್ನು ನೀಗಿಸಿದವು. ಕೆನಡಾ ದೇಶದ ಕಾದಂಬರಿಕಾರರಾದ ರಾಬರ್ಟ್ ಜೆ. ಸಾಯರ್ ಅವರು ೨೦೨೪ರಲ್ಲಿ ಏಳನೆಯ ಆವೃತ್ತಿಯ ಕಡೆಯ ಪರಿಷ್ಕರಣವನ್ನೂ ಅದರ ಕೈಪಿಡಿಗಳನ್ನೂ ಅನುಕರಣ ತಂತ್ರಾಂಶಗಳನ್ನೂ ಒಟ್ಟುಗೂಡಿಸಿ ಸರ್ವರಿಗೂ ದೊರೆಯುವಂತೆ ಮಾಡಿದರು. ತಂತ್ರಾಂಶವೊಂದನ್ನೇ ಉಳಿಸದೆ, ಅದನ್ನು ಬಳಸುವ ವಿಧಿಯನ್ನೂ ತಿದ್ದುವ ವಿಧಿಯನ್ನೂ ಜೊತೆಗೆ ಉಳಿಸಿದುದು ಈ ಕಾರ್ಯದ ವಿಶೇಷ. ಮಾದರಿಯ ಅಳತೆಗಳನ್ನರಿತು ಮಾಡಿದ ಜೀರ್ಣೋದ್ಧಾರಕ್ಕೆ ಇದನ್ನು ಹೋಲಿಸಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಪರರ ಸ್ವತ್ತನ್ನು ಅವರ ಅಪ್ಪಣೆಯಿಲ್ಲದೆ ಹಂಚುವುದು ನ್ಯಾಯವೇ? ಅಮೆರಿಕದ ಕಾನೂನಿನಂತೆ ಕಂಪೆನಿಯು ಮಾಡಿಸಿದ ಕೃತಿಯ ಹಕ್ಕು ಪ್ರಕಟಣೆಯಿಂದ ೯೫ ವರ್ಷಗಳ ಕಾಲ ನಿಲ್ಲುವುದು. ೧೯೯೨ರ ಪರಿಷ್ಕರಣವು ಹೀಗೆ ೨೦೮೭ರ ಕೊನೆಯ ವರೆಗೆ ಸಾರ್ವಜನಿಕವಾಗಲಾರದು. ಹಕ್ಕು ಇರಬೇಕಾದುದೇ; ಕರ್ತೃವಿನ ಜೀವನೋಪಾಯಕ್ಕೆ ಅದು ಅಗತ್ಯ. ಆದರೆ ಮಾರುವವನೂ ಇಲ್ಲದೆ, ಕೊಳ್ಳಲು ದಾರಿಯೂ ಇಲ್ಲದೆ ಇರುವಲ್ಲಿ ಆ ಹಕ್ಕಿನಿಂದ ಯಾರಿಗೂ ಲಾಭವಿಲ್ಲ. ೨೦೮೭ರ ವರೆಗೆ ಕಾದರೆ ಆಗ ಓದಲು ಯೋಗ್ಯವಾದ ಫ್ಲಾಪಿಯು ದೊರೆಯುವುದೆಂಬ ನೆಚ್ಚಿಕೆಯೂ ಇಲ್ಲ. ಕಾನೂನಿನ ಗಡುವು ಮುಗಿಯುವ ಮುನ್ನವೇ ವಸ್ತುವು ಅಳಿದರೆ ಸಾರ್ವಜನಿಕರಿಗೆ ಸಲ್ಲುವುದೇನು? ಕೈಬಿಟ್ಟ ತಂತ್ರಾಂಶಗಳನ್ನು ಗ್ರಂಥಭಂಡಾರಗಳು ಧರ್ಮಬದ್ಧವಾಗಿಯೇ ಕಾಪಾಡುವಂತೆ ಕಾನೂನು ತಿದ್ದುಪಡಿಯಾಗುವುದು ಯುಕ್ತವಾಗಿದೆ.

ಈ ಚರಿತ್ರೆಯು ಕನ್ನಡಿಗರಿಗೆ ದೂರದ್ದೆಂದು ಭಾವಿಸಲಾಗದು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡದ ಬರವಣಿಗೆಗೆ ಮಾಡಿದ ಉಪಕಾರವು ಮರೆಯತಕ್ಕದ್ದಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಸಾವಿರಾರು ಜನರ ಬೆರಳಿಗೆ ಒಗ್ಗಿದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅದಕ್ಕೆ ಮುಂಚಿನ ರೀತಿಯಲ್ಲಿ ಬೆರಳಚ್ಚಾದ ಕಡತಗಳಲ್ಲಿ ಅಕ್ಷರಗಳಿಗೆ ಬದಲಾಗಿ ಅಕ್ಷರದ ಆಕಾರಗಳ ಸಂಕೇತಗಳಿರುವುವು. ಆಯಾ ಅಚ್ಚಿನ ಅಕ್ಷರಮಾಲೆಯು ಯಂತ್ರದಲ್ಲಿಲ್ಲದಿದ್ದರೆ ಕವಿತೆಯೂ ಕಥೆಯೂ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೋರುವುವು. ವರ್ಡ್‌ಸ್ಟಾರಿನ ಎಂಟನೆಯ ಬಿಟ್ಟಿಗಿಂತಲೂ ಇದು ಕಠಿನವಾದ ತೊಡಕು. ಪರಿವರ್ತನೆಯ ತಂತ್ರಾಂಶಗಳು ಈಗ ಇರುವುವಾದರೂ, ಬರೆದವರು ಬದುಕಿರುವಾಗಲೇ ಪರಿವರ್ತಿಸಿ ತಪ್ಪುಗಳನ್ನು ತಿದ್ದಿಕೊಳ್ಳದಿದ್ದರೆ ಶುದ್ಧಪಾಠವನ್ನು ನಿರ್ಣಯಿಸುವವರು ಯಾರು?

ಆದುದರಿಂದ ಬರಹಗಾರರಿರುವ ಪ್ರತಿಯೊಂದು ಮನೆಯಲ್ಲಿಯೂ ಮೂರು ಕಾರ್ಯಗಳು ನಡೆಯತಕ್ಕವು. ಮೆಚ್ಚಿದ ತಂತ್ರಾಂಶದ ಪ್ರತಿಯನ್ನೂ ಅಕ್ಷರಮಾಲೆಯನ್ನೂ ಕೈಪಿಡಿಯನ್ನೂ ಒಂದೆಡೆ ಕೂಡಿಡುವುದು ಮೊದಲನೆಯದು. ಯಾವ ಬರೆಹವು ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಸಿದ್ಧವಾಯಿತೆಂದು ಕಡತದ ಜೊತೆಯಲ್ಲಿಯೇ ಗುರುತುಹಾಕುವುದು ಎರಡನೆಯದು. ಯಾವ ಒಬ್ಬ ಒಡೆಯನನ್ನೂ ನೆಚ್ಚದ ಸರಳವಾದ ಯೂನಿಕೋಡ್ ರೂಪದಲ್ಲಿ ಬರೆಹದ ಇನ್ನೊಂದು ಪ್ರತಿಯನ್ನು ಇಡುವುದು ಮೂರನೆಯದು. ತನಗೊಗ್ಗಿದ ಲೇಖನಿಯನ್ನು ಪ್ರೀತಿಸುವುದು ದೋಷವಲ್ಲ. ಆ ಪ್ರೀತಿಯಿಂದಲೇ ವರ್ಡ್‌ಸ್ಟಾರ್ ಉಳಿಯಿತು. ಆದರೆ ಲೇಖನಿಯು ಅಳಿದರೂ ಗ್ರಂಥವು ಉಳಿಯುವಂತೆ ಏರ್ಪಡಿಸುವುದು ಆ ಪ್ರೀತಿಗಿಂತಲೂ ಹಿರಿದಾದ ಕರ್ತವ್ಯವಾಗಿದೆ.