ಕೊಪ್ಪದಲ್ಲಿ ಕಳೆದುಹೋದ ಮಾತು

ಕೊಪ್ಪ ಗೊತ್ತಲ್ಲ? ಮೈಸೂರಿಂದ ಮಡಿಕೇರಿ ಕಡೆ ಹೋಗುವಾಗ, ಕಾವೇರಿ ದಾಟಿ ಕುಶಾಲನಗರ ಸೇರೋದಕ್ಕೆ ಮುಂಚೆ ಸಿಗುವ ಪಿರಿಯಾಪಟ್ಟಣ ತಾಲ್ಲೂಕಿನ ಊರು. ಅಲ್ಲಿ ತಂಬಾಕು ಬೆಳೆಗಾರರ ಸಭೆಗೆ ಹೋಗಿದ್ದೆ. ಹಿರಿಯ ರೈತರೊಬ್ಬರು ಸೌದೆ ದರ, ಬ್ಯಾರನ್ ಖರ್ಚು, ಹರಾಜಿನಲ್ಲಿ ಸಿಕ್ಕ ಬೆಲೆ ಎಲ್ಲವನ್ನೂ ಲೆಕ್ಕ ಸಮೇತ ಬಿಡಿಸಿಟ್ಟರು. ವೇದಿಕೆ ಇಳಿದು ಬಂದು, "ನಾನಾಡಿದ್ದು ಟೀವೀಲಿ ಬತ್ತದಾ ಸ್ವಾಮಿ?" ಅಂದರು. "ಬರುತ್ತೆ ಯಜಮಾನ್ರೇ" ಅಂದೆ.

ಬರಲಿಲ್ಲ. ಮೈಕ್ ಸೆಟ್‌ನವರ ಮಿಕ್ಸರ್‌ನಿಂದಲೇ ನಾವು ಧ್ವನಿ ತಗೊಂಡಿದ್ದೆವು. ಎಡಿಟಿಂಗ್ ರೂಮಲ್ಲಿ ಕೇಳಿದರೆ ಬರೀ ಗುಂಯ್!

ಮೈಕ್ ಕೆಟ್ಟಿತ್ತಾ? ಇಲ್ಲ. ಮಿಕ್ಸರ್? ಅದೂ ಸರಿ ಇತ್ತು. ತಪ್ಪಿದ್ದು ಕೇಬಲ್‌ನಲ್ಲಿ.

ನೋಡಿ, ಈ ಗುಂಯ್‌ಗೆ ನೂರಾ ನಲವತ್ತು ವರ್ಷದ ಇತಿಹಾಸ ಇದೆ. ಮೊದಮೊದಲ ಟೆಲಿಫೋನ್‌ಗೆ ಒಂದೇ ತಂತಿ. ಕರೆಂಟು ವಾಪಸ್ ಬರೋದು ಭೂಮಿ ಮೂಲಕ. 1880ರ ದಶಕದಲ್ಲಿ ಅಮೆರಿಕದ ಬೀದಿಗಳಿಗೆ ವಿದ್ಯುತ್ ದೀಪ, ಟ್ರಾಮು ಬಂದವು. ಫೋನ್ ತುಂಬ ಗದ್ದಲ. ಪರಿಹಾರ ಏನು? ಎರಡು ತಂತಿ. ಎರಡನ್ನೂ ಹಗ್ಗದಂತೆ ಹೊಸೆಯುವ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಒಂದರಲ್ಲಿ ಧ್ವನಿ ನೇರ, ಇನ್ನೊಂದರಲ್ಲಿ ತಿರುವುಮುರುವು. ಹೊರಗಿನ ಗದ್ದಲ ಮಾತ್ರ ಎರಡಕ್ಕೂ ಒಂದೇ ಥರ ಮೆತ್ತಿಕೊಳ್ಳುತ್ತೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಹೋಯಿತು, ಮಾತು ಉಳೀತು!

ಮಿಕ್ಸರ್‌ನ ಮೈಕ್ ತೂತಿನಲ್ಲಿ ಮೂರು ಪಿನ್ ಇರೋದು ಇದಕ್ಕೇ. ಎರಡು ಪಿನ್ ಧ್ವನಿಗೆ, ಒಂದು ಕವಚಕ್ಕೆ. ಎಕ್ಸ್‌ಎಲ್‌ಆರ್ ಅನ್ನೋ ಈ ಕನೆಕ್ಟರ್ ಅಮೆರಿಕದ ಕ್ಯಾನನ್ ಕಂಪನಿಯದು. ಪಕ್ಕದಲ್ಲಿರುವ ದುಂಡನೆ ಜಾಕ್ ಇನ್ನೂ ಹಳೇದು, ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯರು ಎಳೆದು ಚುಚ್ಚುತ್ತಿದ್ದ ಜಾಕಿನ ವಂಶದ್ದು.

ನಮ್ಮ ಮೈಸೂರೇನು ಮೈಕ್ ಕಾಣದ ಸೀಮೆಯಾ? 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಬಾನುಲಿ ಕೇಂದ್ರ ಶುರುಮಾಡಿದರು. 30 ವಾಟ್ ಅಂದ್ರೆ ಇವತ್ತಿನ ಮೂರು ಎಲ್‌ಇಡಿ ಬಲ್ಬು! ಅಷ್ಟರಲ್ಲೇ ಊರಿಗೆ ಮಾತು ಮುಟ್ಟಿಸಿದರು.

ಕೊಪ್ಪದಲ್ಲಿ ಸಾವಿರಾರು ವಾಟ್ ಇತ್ತು. ಆದರೆ ಕೇಬಲ್‌ನ ಮೈಕ್ ಕಡೆ ಮೂರು ಪಿನ್, ಮಿಕ್ಸರ್ ಕಡೆ ಮೋನೋ ಜಾಕ್. ಅಂಥ ಜಾಕ್‌ನೊಳಗೆ ಎರಡನೇ ತಂತಿಯನ್ನ ಕವಚಕ್ಕೇ ಬೆಸೆದಿರ್ತಾರೆ. ಅಲ್ಲಿಗೆ 1880ಕ್ಕೆ ವಾಪಸ್ ಹೋದಂಗೆ! ಮೇಲಾಗಿ ಲೈನ್ ಇನ್‌ಪುಟ್‌ಗೆ ಚುಚ್ಚಿದ್ದಾರೆ. ಮೈಕ್‌ನಿಂದ ಬರೋದು ಕೆಲವೇ ಮಿಲಿವೋಲ್ಟ್; ಸಾಲದು ಅಂತ ವಾಲ್ಯೂಮ್ ಏರಿಸಿದರೆ ಗುಂಯ್ ಕೂಡ ಏರಿತು. ಪಕ್ಕದಲ್ಲೇ ಜನರೇಟರ್ ವೈರು ಬೇರೆ.

ಮುಂದಿನ ಸಭೆಗೆ ನಮ್ಮ ಹುಡುಗರು ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ ತಾವೇ ಒಯ್ದರು. ಜನರೇಟರ್ ವೈರಿನಿಂದ ದೂರ ಎಳೆದು, ಮೈಕ್ ಇನ್‌ಪುಟ್‌ಗೇ ಕೊಟ್ಟರು. ಧ್ವನಿ ಗಂಟೆ ಹೊಡೆದಂಗೆ ಬಂತು. ಆದರೆ ಆ ಯಜಮಾನರು ಅವತ್ತು ಬಂದಿರಲಿಲ್ಲ.